ಗೂಟಜ್ಜ ಮತ್ತು ಹಗ್ಗ ಬಿಡದ ಎಂಟು ಹೆಂಗಸರು

ನಮ್ಮ ಪೇಟೆ ಠಾಣೆಯ ಪೊಲೀಸರು ಸೈನ್ಯದಿಂದ ನಿವೃತ್ತನಾಗಿ ಬಂದ ನಮ್ಮ ಹವಾಲ್ದಾರನಿಗೆ ಒಂದು ಹಗ್ಗ ಕೊಡುವುದು ಬಾಕಿ ಇದೆ. ಮಣಿಕಟ್ಟಿನಷ್ಟು ದಪ್ಪದ, ನಾರಿನ, ನಟ್ಟನಡುವೆ ಕೆಂಪು ಬಟ್ಟೆ ಸುತ್ತಿದ ಹಗ್ಗ. ಸಾಕ್ಷಿಗೆ ಬೇಕು ಅಂತ ಸುತ್ತಿಕೊಂಡು ಜೀಪಿಗೆ ಹಾಕಿಕೊಂಡು ಹೋದರು. ಕೇಸು ಬಿದ್ದುಹೋಗಿ ಎಷ್ಟೋ ಕಾಲವಾಯಿತು, ಹಗ್ಗ ವಾಪಸ್ಸು ಬರಲಿಲ್ಲ. ಈಗ ಹವಾಲ್ದಾರನೂ ಇಲ್ಲ. ಕೊಟ್ಟವನು ಸತ್ತರೆ ಸಾಲವೂ ಸತ್ತ ಹಾಗೆ ಅಂತ ಠಾಣೆಯವರು ತಿಳಿದಿದ್ದರೆ, ಕಸ ಗುಡಿಸುವವರ ನಮ್ಮ ಸಂಘದವರನ್ನು ಅವರು ಇನ್ನೂ ಸರಿಯಾಗಿ ನೋಡಿಲ್ಲ.

ಆತನನ್ನು ಏಕವಚನದಲ್ಲಿ ಬರೆಯುತ್ತಿದ್ದೇನೆ. ಬಹುವಚನವನ್ನು ನಾವು ಅಧಿಕಾರಿಗಳಿಗೆ ಕೊಟ್ಟು ಕೊಟ್ಟು ಸವೆಸಿಬಿಟ್ಟಿದ್ದೇವೆ.

ಬಾವಿ ತೋಡುವವನ ಮಗ. ಅಪ್ಪ ಕೆಳಗೆ ಅಗೆಯುತ್ತಿದ್ದ, ಮಗ ಮೇಲೆ ನಿಂತು ಮಣ್ಣಿನ ಬುಟ್ಟಿ ಎಳೆಯುತ್ತಿದ್ದ. ಬುಟ್ಟಿಯ ನೇರಕ್ಕೆ ಅಪ್ಪನ ತಲೆ. ಕೈ ಉರಿಯಲಿ, ತೋಳು ಕಿತ್ತು ಬರಲಿ, ಹಗ್ಗ ಬಿಡುವ ಹಾಗಿರಲಿಲ್ಲ. ಮೀಸೆ ಚಿಗುರುವ ವಯಸ್ಸಿಗೆ ಸೈನ್ಯ ಸೇರಿದ. ದೇಶ ಗೀಶ ಏನೂ ತಲೆಯಲ್ಲಿರಲಿಲ್ಲ, ಬೂಟು ಕೊಡುತ್ತಾರೆ ಅಂತ ಸೇರಿದೆ ಅಂತ ಆತನೇ ಹೇಳುತ್ತಿದ್ದ. ಅಲ್ಲಿ ಎಲ್ಲ ಆಟ ಆಡಿದ. ಓಡಿದ, ಕುಸ್ತಿ ಹಿಡಿದ, ಚೆಂಡು ಒದ್ದ. ಕೊನೆಗೆ ನಿಂತದ್ದು ಹಗ್ಗಜಗ್ಗಾಟದಲ್ಲಿ, ಸಾಲಿನ ಕಟ್ಟಕಡೆಯ ಮನುಷ್ಯನಾಗಿ. ಹಗ್ಗವನ್ನು ಕಂಕುಳಿನಿಂದ ತಂದು ಬೆನ್ನ ಮೇಲೆ ಹಾಯಿಸಿ ಹೆಗಲಿನಿಂದ ಇಳಿಸಿ ಕೂರುವವನು ಆತ. ಮುಂದಿನವರೆಲ್ಲ ಜಾರಿದರೂ ಆತ ಜಾರಬಾರದು. ಜಾರುತ್ತಿರಲಿಲ್ಲ. ಅದಕ್ಕೇ ಜೊತೆಯವರು ಗೂಟ ಅಂತ ಹೆಸರಿಟ್ಟರು. ನಮ್ಮ ಬೀದಿಗೆ ಬಂದಮೇಲೆ ಮಕ್ಕಳ ಬಾಯಲ್ಲಿ ಅದು ಗೂಟಜ್ಜ ಆಯಿತು.

ಯುದ್ಧದ ವಿಷಯ ಕೇಳಿದರೆ ಚಳಿ ಇತ್ತು ಅಂತ ಒಂದೇ ಮಾತು. ಎಡಗಾಲಿನ ಎರಡು ಬೆರಳು ಆ ಚಳಿಗೆ ಹೋಗಿದ್ದವು. ಆದರೆ ತನ್ನ ಪಡೆ ಇನ್ನೊಂದು ಪಡೆಯನ್ನು ಎಳೆದು ಕೆಸರಿಗೆ ಬೀಳಿಸಿದ ಕಥೆ ಕೇಳಿದಿರೋ, ನಿಮ್ಮ ತಟ್ಟೆಯ ಅನ್ನ ಆರಿ ಕಲ್ಲಾಗುವವರೆಗೂ ಬಿಡುತ್ತಿರಲಿಲ್ಲ.

ಮಗಳು ದರ್ಜಿ. ಮುಂದಿನ ಕೋಣೆಯಲ್ಲಿ ಆಕೆಯ ಹೊಲಿಗೆ ಅಂಗಡಿ, ಹಿಂದಿನ ಕೋಣೆಯಲ್ಲಿ ಅಪ್ಪನ ಮಂಚ, ಒಂದು ಕಬ್ಬಿಣದ ಪೆಟ್ಟಿಗೆ, ಮೊಳೆಗೆ ನೇತುಹಾಕಿದ ಸೀಟಿ, ಅಟ್ಟದ ಮೇಲೆ ಸುರುಳಿ ಸುತ್ತಿದ ಹಗ್ಗ. ಬೆಳಿಗ್ಗೆ ಅಂಗಡಿಯ ಮುಂದೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ರೇಡಿಯೊ ಕಿವಿಗಿಟ್ಟುಕೊಂಡರೆ ಜಗತ್ತಿನ ಯಾವ ಮೂಲೆಯಲ್ಲಿ ಯಾವ ಆಟ ನಡೆದರೂ ಆತನಿಗೆ ಬೇಕು. ರೆಫ್ರಿ ತಪ್ಪು ಮಾಡಿದರೆ ರೇಡಿಯೊಗೆ ಬೈಯುತ್ತಿದ್ದ. ಮಗಳು ಕತ್ತರಿ ಆಡಿಸುತ್ತ ಗಿರಾಕಿಗಳಿಗೆ ಹೇಳುತ್ತಿದ್ದಳು, ನಮ್ಮಪ್ಪನಿಗೆ ಇಬ್ಬರು ಹೆಂಡತಿಯರು, ಒಬ್ಬಳು ತೀರಿಕೊಂಡಳು, ಇನ್ನೊಬ್ಬಳು ಅಟ್ಟದ ಮೇಲೆ ಮಲಗಿದ್ದಾಳೆ ಅಂತ.

ನಮಗೂ ಆತನಿಗೂ ಪರಿಚಯವಾದದ್ದು ಜಗಳದಿಂದ. ಕಸ ಗುಡಿಸುವವರ ಮೆರವಣಿಗೆ ಆ ಬೀದಿಯಲ್ಲಿ ಹೋಗುತ್ತಿತ್ತು. ನಾನು ಮುಂದೆ ಕೂಗುತ್ತಿದ್ದೆ. ಕುರ್ಚಿಯ ಮೇಲಿನಿಂದ ಒಂದು ದನಿ ಬಂತು.

"ಲೀಡರಮ್ಮ, ನಿಮ್ಮ ಜನ ನಡೆಯೋದು ನೋಡಿದ್ರೆ ಸಂತೆ ಮುಗಿಸ್ಕೊಂಡು ಮನೆಗೆ ಹೋಗೋ ಹಾಗಿದೆ. ಇದಕ್ಕೆ ಯಾವನು ಹೆದರ್ತಾನೆ?"

ಸರ್ಕಾರದ ಅನ್ನ ತಿಂದು ಕವಾಯತು ಕಲಿತವರಲ್ಲ ನಾವು ಅಂದೆ. ಖಾಕಿ ಬಣ್ಣದ್ದು ಏನೇ ಕಂಡರೂ ನನ್ನ ಬೆನ್ನಿಗೆ ಲಾಠಿ ನೆನಪಾಗುತ್ತಿದ್ದ ಕಾಲ ಅದು. ಆತ ಸಿಟ್ಟಾಗಲಿಲ್ಲ. ಅನ್ನ ಚೆನ್ನಾಗಿತ್ತು, ಕವಾಯತು ಇನ್ನೂ ಚೆನ್ನಾಗಿತ್ತು ಅಂದು ರೇಡಿಯೊ ಕಿವಿಗಿಟ್ಟುಕೊಂಡ.

ಆ ಹೊತ್ತಿಗೆ ನಮ್ಮ ಹೋರಾಟ ಮೊಣಕಾಲೂರಿ ಕೂತಿತ್ತು. ಊರು ಗುಡಿಸುವ ಹೆಂಗಸರೆಲ್ಲ ಗುತ್ತಿಗೆದಾರನ ಕೈಕೆಳಗೆ. ಕೈಗವಸು ಕೇಳಿದರೆ, ರಜೆ ಕೇಳಿದರೆ, ಜ್ವರ ಬಂದಾಗ ಔಷಧಿ ಕೇಳಿದರೆ, ನಗರಸಭೆಯದು ಒಂದೇ ಉತ್ತರ: ಅವರು ನಮ್ಮವರಲ್ಲ, ಗುತ್ತಿಗೆದಾರನವರು. ಗುತ್ತಿಗೆದಾರನ ಹತ್ತಿರ ಹೋದರೆ ಆತ ನಗರಸಭೆಯ ಕಡೆ ಬೆರಳು ತೋರಿಸುತ್ತಿದ್ದ. ನಮ್ಮಲ್ಲಿ ಎಲ್ಲರಿಗಿಂತ ಹಿರಿಯಳಿಗೆ ದೊಡ್ಡಕ್ಕ ಅನ್ನುತ್ತಿದ್ದೆವು. ಆಳೂ ದೊಡ್ಡದು, ಬಾಯೂ ದೊಡ್ಡದು. ಬೆಳಗಾದರೆ ಊರಿನ ಹೊಲಸೆಲ್ಲ ನಮ್ಮದು, ಮಧ್ಯಾಹ್ನ ಕಚೇರಿಗೆ ಹೋದರೆ ನಾವು ಯಾರವರೂ ಅಲ್ಲ ಅಂತ ಆಕೆ ಹೇಳುವುದು. ಧರಣಿ ಕೂತೆವು. ಗೇಟಿನ ಮುಂದೆ ಮಲಗಿದೆವು. ಹೆಣ್ಣು ಪೊಲೀಸರು ಬಂದು ಕೈಕಾಲು ಹಿಡಿದು ವ್ಯಾನಿಗೆ ತುಂಬಿದರು, ಸಂಜೆ ಬಿಟ್ಟರು. ನಮಗೆ ಬೇಕಿದ್ದದ್ದು ಒಂದೇ, ನೀವು ನಮ್ಮವರು ಅನ್ನುವ ಒಂದು ಮಾತು. ಅದೊಂದು ಬಂದರೆ ಮಿಕ್ಕದ್ದೆಲ್ಲ ಕಿವಿ ಹಿಂಡಿ ತರಿಸಿಕೊಳ್ಳಬಹುದಿತ್ತು.

ಒಂದು ದಿನ ಹವಾಲ್ದಾರ ನಮ್ಮ ಸಂಘದ ಕೋಣೆಯ ಮೆಟ್ಟಿಲು ಹತ್ತಿ ಬಂದ. ಹಿಟ್ಟಿನ ಗಿರಣಿಯ ಮೇಲಿನ ಕೋಣೆ ಅದು, ಕೂತವರ ತಲೆ ಸಂಜೆಯೊಳಗೆ ಬೆಳ್ಳಗಾಗುತ್ತದೆ. ಕೂರಿ ಅನ್ನುವ ಮೊದಲೇ ಕೂತು, ಸರ್ಕಾರಿ ನೌಕರರ ಕ್ರೀಡಾಕೂಟ ಬರುತ್ತಿದೆ, ಹೆಂಗಸರ ಹಗ್ಗಜಗ್ಗಾಟಕ್ಕೆ ತಂಡ ಕೊಡಿ ಅಂದ. ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವೇ ಅಂತ ನಾನು ನಕ್ಕೆ. ಆಟ ಗೆದ್ದರೆ ಕೈಗವಸು ಬರುತ್ತದೆಯೇ ಅಂದೆ.

"ಬರಲ್ಲ. ಆದ್ರೆ ಗೆದ್ದೋರ ಹೆಸರು ಊರ ಮುಂದೆ ಮೈಕಲ್ಲಿ ಕೂಗಬೇಕಲ್ಲ. ಏನಂತ ಕೂಗ್ತಾರೆ, ಹೇಳಿ ನೋಡಣ."

ದೊಡ್ಡಕ್ಕ ಹಲ್ಲುಕಡ್ಡಿ ಬಾಯಿಂದ ತೆಗೆದಳು. ನಮ್ಮ ಕೈಲಿ ಆಗುತ್ತದೆ ಅಂತ ಹೇಗೆ ಗೊತ್ತು ಅಜ್ಜ ಅಂತ ಕೇಳಿದಳು.

ದರ್ಜಿ ಅಂಗಡಿಯ ಎದುರಿಗೇ ಊರ ಮೈದಾನ, ಅದರ ಪಕ್ಕದಲ್ಲೇ ಕಸದ ಗುಂಡಿಗೆ ಇಳಿಯುವ ಇಳಿಜಾರು. ತುಂಬಿದ ತಳ್ಳುಗಾಡಿಯನ್ನು ಅಲ್ಲಿ ತಳ್ಳಬೇಕಿಲ್ಲ, ಅದೇ ಓಡುತ್ತದೆ. ಹಿಮ್ಮಡಿ ಊರಿ, ಸೊಂಟ ತಗ್ಗಿಸಿ, ಬೆನ್ನನ್ನು ಹಿಂದಕ್ಕೆ ಚೆಲ್ಲಿ, ಅದನ್ನು ತಡೆದು ತಡೆದು ಇಳಿಸಬೇಕು. ಹವಾಲ್ದಾರ ಕುರ್ಚಿಯಲ್ಲಿ ಕೂತು ದಿನಾ ಅದನ್ನೇ ನೋಡಿದ್ದ. ಸೈನ್ಯದಲ್ಲಿ ಆ ಭಂಗಿ ಕಲಿಸಲು ಹುಡುಗರ ಸೊಂಟದ ಮೇಲೆ ಒದೆಯುತ್ತಿದ್ದರಂತೆ.

ಹೆಂಗಸರ ವಿಭಾಗಕ್ಕೆ ದಾದಿಯರ ತಂಡ, ಗುಮಾಸ್ತೆಯರ ತಂಡ, ಪೊಲೀಸರ ತಂಡ ಬಂದಿದ್ದವು. ನಾಲ್ಕನೆಯದು ಸಿಗದೆ ಪಂದ್ಯವೇ ನಿಲ್ಲುವುದರಲ್ಲಿತ್ತು. ಕ್ರೀಡಾ ಅಧಿಕಾರಿ ನಗುತ್ತಲೇ ನಮ್ಮನ್ನು ಸೇರಿಸಿಕೊಂಡ. ನಗುವವನು ನಗಲಿ, ಒಳಗೆ ಬಿಟ್ಟನಲ್ಲ.

ಮೊದಲ ದಿನದ ಅಭ್ಯಾಸ ನೋಡಿದ್ದರೆ ನೀವೂ ನಗುತ್ತಿದ್ದಿರಿ. ಇನ್ನೊಂದು ಕಡೆ ಹಿಡಿದವರು ಬಸ್ ನಿಲ್ದಾಣದ ನಾಲ್ಕು ಜನ ಹಮಾಲಿಗಳು. ನಮ್ಮವರು ಎಂಟು. ಸೀಟಿ ಊದಿದ್ದೇ ತಡ ದೊಡ್ಡಕ್ಕ ಅಭ್ಯಾಸಬಲದಿಂದ ಬೇಕೇ ಬೇಕು ಅಂತ ಕೂಗಿದಳು. ಹಿಂದಿನವರು ನ್ಯಾಯ ಬೇಕು ಅಂದರು. ಕೂಗಿದಾಗ ಮುಂದಿನ ನಾಲ್ವರು ಎಳೆದರು, ಉತ್ತರ ಕೊಟ್ಟಾಗ ಹಿಂದಿನ ನಾಲ್ವರು ಎಳೆದರು. ಎತ್ತು ಏರಿಗೆ, ಕೋಣ ನೀರಿಗೆ. ಎಂಟು ಜನರ ತಂಡ ಯಾವ ಗಳಿಗೆಯಲ್ಲೂ ನಾಲ್ಕೇ ಜನ. ಹಮಾಲಿಗಳು ಬೀಡಿ ಬಾಯಲ್ಲಿಟ್ಟುಕೊಂಡೇ ಎಳೆದು ಮಲಗಿಸಿದರು. ಎರಡನೇ ಸಲವೂ ಹಾಗೇ ಆಯಿತು, ಮೂರನೇ ಸಲವೂ ಹಾಗೇ. ಕೂಗಬೇಡಿ ಅಂದರೆ ಕೈಗೆ ಬಲವೇ ಬರಲೊಲ್ಲದು. ಬೀದಿಯಲ್ಲಿ ಇಷ್ಟು ವರ್ಷ ನಾವು ಕಲಿತದ್ದೇ ಹಾಗೆ, ಒಬ್ಬರು ಕೂಗಬೇಕು, ಉಳಿದವರು ಉತ್ತರಿಸಬೇಕು.

ಹವಾಲ್ದಾರ ತಲೆ ಮೇಲೆ ಕೈಹೊತ್ತು ಕೂತ. ಆಮೇಲೆ ಎದ್ದು ಬಂದು ಎಲ್ಲರ ಬಾಯಿಗೂ ಒಂದೊಂದು ಗುಟುಕು ನೀರು ಕೊಟ್ಟ, ನುಂಗುವ ಹಾಗಿಲ್ಲ ಅಂದ. ದೊಡ್ಡಕ್ಕನನ್ನು ಸಾಲಿನ ಕಟ್ಟಕಡೆಗೆ, ತನ್ನ ಹಳೆಯ ಜಾಗದಲ್ಲಿ ನಿಲ್ಲಿಸಿ, ಹಾಗೇ ಹಗ್ಗ ಹಿಡಿಸಿದ. ನಕ್ಕು ಉಗುಳಿದವರಿಗೆ ಮತ್ತೆ ನೀರು. ಕಸದ ಗಾಡಿ ಇಳಿಸುವಾಗ ಘೋಷಣೆ ಕೂಗ್ತೀರಾ ಅಂತ ಕೇಳಿದ. ಇಲ್ಲ. ಹಾಗಾದರೆ ಇದೂ ಗಾಡಿಯೇ ಅಂದ. ಎಳೆಯುವುದು ಕಡೆಯ ಕೆಲಸ, ಮೊದಲ ಕೆಲಸ ಬಿಡದೆ ಇರುವುದು, ಎದುರಿನವರು ಎಳೆದು ಎಳೆದು ಉಸಿರು ಖಾಲಿ ಮಾಡಿಕೊಳ್ಳಲಿ ಅಂದ. ಆತನದು ಎರಡೇ ಆಜ್ಞೆ. "ಹಿಡಿ" ಅಂದರೆ ಹಿಮ್ಮಡಿ ಊರಿ ಒರಗುವುದು. "ಹೆಜ್ಜೆ" ಅಂದರೆ ಎಂಟು ಎಡಗಾಲು ಒಟ್ಟಿಗೆ ಹಿಂದಕ್ಕೆ.

ಅಲ್ಲೂ ಒಂದು ತಕರಾರು ಎದ್ದಿತು. ಆಜ್ಞೆ ಒಬ್ಬರೇ ಯಾಕೆ ಕೊಡಬೇಕು, ಸರದಿಯ ಮೇಲೆ ಕೊಡೋಣ, ಬೇಕಿದ್ದರೆ ಮತಕ್ಕೆ ಹಾಕೋಣ ಅಂತ ನಾನೇ ಅಂದೆ. ಸಂಘದ ರೀತಿ ಅದು. ಹವಾಲ್ದಾರ ನನ್ನನ್ನು ಮೇಲಿಂದ ಕೆಳಗೆ ನೋಡಿದ.

"ಲೀಡರಮ್ಮ, ಬಾವಿ ಒಳಗೆ ನಿಮ್ಮಪ್ಪ ಇದ್ದಾಗ ಮತಕ್ಕೆ ಹಾಕ್ತೀರಾ?"

ದೊಡ್ಡಕ್ಕ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ನಾನು ಹೋಗಿ ಗೋಡೆಯ ಪಕ್ಕ ಕೂತೆ.

ವಾರಗಟ್ಟಲೆ ಬೆಳಗಿನ ಪಾಳಿ ಮುಗಿಸಿ ಬಂದು ಅಭ್ಯಾಸ. ಅಂಗೈ ಸುಲಿದವು, ಆಮೇಲೆ ಗಟ್ಟಿಯಾದವು. ದರ್ಜಿ ಮಗಳು ಎಂಟು ನೀಲಿ ಅಂಗಿ ಹೊಲಿದು, ಬೆನ್ನಿಗೆ ಬಿಳಿ ದಾರದಲ್ಲಿ ನಗರಸಭೆ ಅಂತ ಹಾಕಿದಳು. ಕ್ರೀಡಾಕೂಟದ ದಿನ ಅಧಿಕಾರಿ ಅದನ್ನು ಕಂಡು ಹೌಹಾರಿದ. ಈ ಹೆಸರು ಹಾಕುವ ಹಾಗಿಲ್ಲ ಅಂದ. ಆಕೆ ಬಾಯಲ್ಲಿದ್ದ ಸೂಜಿ ತೆಗೆದು, "ಬಟ್ಟೆ ನಂದು, ದಾರ ನಂದು, ಅಕ್ಷರ ಮಾತ್ರ ನಿಮ್ಮಪ್ಪಂದಾ?" ಅಂದಳು. ಆತ ಬೆನ್ನಿನ ಮೇಲೆ ಸಂಖ್ಯೆಯ ಚೀಟಿ ಅಂಟಿಸಿ ಅಕ್ಷರ ಮುಚ್ಚಿಸಿದ. ಬೆವರು ಬಂದ ಕೂಡಲೇ ಚೀಟಿ ಉದುರಿದವು.

ಊರೆಲ್ಲ ಬಂದಿತ್ತು. ವೇದಿಕೆಯ ಮೇಲೆ ನಗರಸಭೆಯ ಅಧ್ಯಕ್ಷ, ಪಕ್ಕದಲ್ಲಿ ಇಸ್ತ್ರಿ ಮುರಿಯದ ಬಿಳಿ ಅಂಗಿಯ ಗುತ್ತಿಗೆದಾರ. ಮೊದಲ ಪಂದ್ಯ ದಾದಿಯರ ಮೇಲೆ. ಕ್ರೀಡಾ ಇಲಾಖೆಯ ಹಗ್ಗ ಎರಡನೇ ಎಳೆತಕ್ಕೇ ಪಟ್ಟಂತ ಹರಿದು ಎರಡೂ ಕಡೆಯವರು ಮಲಗಿದರು. ಹವಾಲ್ದಾರ ಏನೂ ಹೇಳದೆ ರಸ್ತೆ ದಾಟಿ ಹೋಗಿ, ಅಟ್ಟದ ಮೇಲಿನ ಹಗ್ಗವನ್ನು ಹೆಗಲ ಮೇಲೆ ಹೊತ್ತು ತಂದ. ದಾದಿಯರು ಸೋತು ನಮ್ಮವರ ಅಂಗೈಗೆ ಮುಲಾಮು ಹಚ್ಚಿಕೊಟ್ಟರು.

ಕೊನೆಯ ಪಂದ್ಯ ಹೆಣ್ಣು ಪೊಲೀಸರ ಮೇಲೆ. ನಮ್ಮನ್ನು ವ್ಯಾನಿಗೆ ತುಂಬಿದ ಅದೇ ತೋಳುಗಳು. ಅವರ ಮುಂದಾಳು ಒಬ್ಬಳು ಸಬ್ ಇನ್ಸ್‌ಪೆಕ್ಟರ್, ಎತ್ತರದ ಹೆಂಗಸು. ಏನಕ್ಕಾ, ಇವತ್ತೂ ಎತ್ತಿಕೊಂಡು ಹೋಗಬೇಕಾ ಅಂತ ದೊಡ್ಡಕ್ಕನನ್ನು ಕೆಣಕಿದಳು. ದೊಡ್ಡಕ್ಕನ ಬಾಯಿ ಆ ದಿನ ಮೊದಲ ಸಲ ಮುಚ್ಚಿಕೊಂಡೇ ಇತ್ತು.

ಮೊದಲ ಎಳೆತ ಸೋತೆವು. ಎರಡನೆಯದು ಗೆದ್ದೆವು. ಮೂರನೆಯದಕ್ಕೆ ಹವಾಲ್ದಾರ ಹಿಡಿ ಅಂದವನು ಮತ್ತೆ ಬಾಯಿ ತೆರೆಯಲಿಲ್ಲ. ಪೊಲೀಸರು ಎಳೆದರು, ಕೆಂಪು ಬಟ್ಟೆ ಅವರ ಕಡೆ ಸರಿಯಿತು. ಮತ್ತೆ ಎಳೆದರು, ಇನ್ನಷ್ಟು ಸರಿಯಿತು. ಜನ ಕಿರುಚುತ್ತಿದ್ದರು. ನಮ್ಮವರು ಕಸದ ಗಾಡಿ ತಡೆಯುವ ಹಾಗೆ ಆಕಾಶ ನೋಡುತ್ತ ಒರಗಿದ್ದರು. ಕೈ ಉರಿಯುವುದು, ಕಾಲು ನಡುಗುವುದು, ಬಿಸಿಲು, ಕಾಯುವುದು, ಇದೆಲ್ಲ ಧರಣಿಯಲ್ಲಿ ಅರೆದು ಕುಡಿದವರಿಗೆ ಹೊಸದಲ್ಲ. ಹವಾಲ್ದಾರ ಹಗ್ಗವನ್ನು ನೋಡುತ್ತಲೇ ಇರಲಿಲ್ಲ. ತಲೆ ಓರೆ ಮಾಡಿ ಎದುರಿನವರ ಉಸಿರು ಕೇಳುತ್ತಿದ್ದ. ಆ ಉಸಿರು ತುಂಡು ತುಂಡಾಗಿ ಬರತೊಡಗಿದಾಗ, ಬಹಳ ಮೆಲ್ಲಗೆ, "ಹೆಜ್ಜೆ" ಅಂದ.

ಎಂಟು ಕಾಲು ಒಟ್ಟಿಗೆ ಬಿದ್ದವು. ಮತ್ತೆ ಹೆಜ್ಜೆ. ಮತ್ತೆ ಹೆಜ್ಜೆ. ಪೊಲೀಸರು ಮುಗ್ಗರಿಸಿ ಗೆರೆ ದಾಟಿ ಬಂದು ನಮ್ಮವರ ಕಾಲಬುಡದಲ್ಲಿ ಕೂತರು.

ನಾನು ಎದೆ ತುಂಬ ಗಾಳಿ ತುಂಬಿಕೊಂಡು ಘೋಷಣೆ ಕೂಗಲು ಬಾಯಿ ತೆರೆದಿದ್ದೆ. ಅಷ್ಟರಲ್ಲಿ ಮೈಕು ಹೇಳಿತು, ಗೆದ್ದವರು ಕಸ ವಿಲೇವಾರಿ ಗುತ್ತಿಗೆದಾರರ ಕಡೆಯ ಹೆಂಗಸರು ಅಂತ. ಗುತ್ತಿಗೆದಾರ ಅಂಗಿ ಸರಿಮಾಡಿಕೊಂಡು ಬಹುಮಾನದ ಕಪ್ಪು ಇಸಿದುಕೊಳ್ಳಲು ಎದ್ದ. ಚಪ್ಪಾಳೆಯೂ ಬಿತ್ತು. ತುಂಬಿಕೊಂಡ ಗಾಳಿ ಹಾಗೇ ಇಳಿಯಿತು.

ನಮ್ಮವರು ಇನ್ನೂ ನೆಲದ ಮೇಲಿದ್ದರು. ದೊಡ್ಡಕ್ಕನ ಹೆಗಲಿನಿಂದ ಹಗ್ಗ ಇಳಿದಿರಲಿಲ್ಲ. "ಹಿಡಿ" ಅಂದ ಹವಾಲ್ದಾರ.

ಏನನ್ನು ಹಿಡಿಯುವುದು? ಪೊಲೀಸರು ತಮ್ಮ ಕಡೆ ಬಿಟ್ಟು ಎದ್ದಿದ್ದರು. ಹವಾಲ್ದಾರ ಕುಂಟುತ್ತ ಆ ಕೊನೆಗೆ ನಡೆದು ಹೋದ. ಬಿದ್ದಿದ್ದ ಹಗ್ಗ ಎತ್ತಿ, ಕಂಕುಳಿಗೆ ಕೊಟ್ಟು, ಬೆನ್ನ ಮೇಲೆ ಹಾಯಿಸಿ, ಹೆಗಲಿನಿಂದ ಇಳಿಸಿಕೊಂಡು, ಬೆರಳಿಲ್ಲದ ಕಾಲನ್ನು ಮಣ್ಣಿಗೆ ತುಳಿದು ಒರಗಿದ. ಹಗ್ಗ ಬಿಗಿಯಾಯಿತು. ಓಟದ ದಾರಿಗೆ ಅಡ್ಡ, ಸೊಂಟದೆತ್ತರಕ್ಕೆ. ಕೊನೆಯ ಓಟಕ್ಕೆ ಹುಡುಗರು ಗೆರೆಯ ಮೇಲೆ ಬಂದು ನಿಂತಿದ್ದರು. ಒಂದು ಕಡೆ ಎಂಟು ಹೆಂಗಸರು, ಇನ್ನೊಂದು ಕಡೆ ಒಬ್ಬ ಮುದುಕ. ಯಾರೂ ಎಳೆಯುತ್ತಿಲ್ಲ, ಯಾರೂ ಬಿಡುತ್ತಿಲ್ಲ.

ಅಧಿಕಾರಿ ಓಡಿಬಂದು ತೆಗೆಸಿ ಅಂತ ಪೊಲೀಸರಿಗೆ ಹೇಳಿದ. ಸೋತು ಕೆಂಪಾಗಿದ್ದ ಸಬ್ ಇನ್ಸ್‌ಪೆಕ್ಟರ್ ಮೊಣಕೈಯ ಮಣ್ಣು ಒರೆಸಿಕೊಳ್ಳುತ್ತ, "ಪಂದ್ಯದ ಹಗ್ಗ ಸಾರ್, ಹಿಡಿದೋರೇ ಬಿಡಬೇಕು" ಅಂದಳು. ಆಕೆಯ ಮೇಲೆ ನನಗಿದ್ದ ಅರ್ಧ ಸಿಟ್ಟು ಅಲ್ಲಿಗೆ ವಜಾ ಆಯಿತು. ಉಳಿದರ್ಧ ಇಟ್ಟುಕೊಂಡಿದ್ದೇನೆ.

ಅಧ್ಯಕ್ಷ ಕೆಳಗೆ ಇಳಿದು ಬಂದ. ಏನು ಬೇಕು ಅಜ್ಜ ಅಂತ ಹವಾಲ್ದಾರನನ್ನು ಕೇಳಿದ. ನನಗೇನೂ ಬೇಡ, ಅವರನ್ನ ಕೇಳಿ ಅಂತ ಆತ ಗಲ್ಲ ತಿರುಗಿಸಿದ. ಅಷ್ಟು ದೂರ, ಬಿಗಿದ ಹಗ್ಗದ ಪಕ್ಕದಲ್ಲೇ, ಊರು ನೋಡುತ್ತಿರುವಾಗ ಅಧ್ಯಕ್ಷ ನಡೆದು ಬರಬೇಕಾಯಿತು. ದೊಡ್ಡಕ್ಕ ಆಕಾಶ ನೋಡುತ್ತಲೇ ಮಾತಾಡಿದಳು.

"ನಾವು ಯಾರ ಕಡೆಯೋರು ಅಂತ ಮೈಕಲ್ಲಿ ಹೇಳಿ. ಅಷ್ಟು ಸಾಕು."

ಎಲ್ಲರೂ ಒಂದೇ ಊರಿನವರಲ್ಲವೇ ಅಂತ ಆತ ತಮಾಷೆ ಮಾಡಲು ನೋಡಿದ. ಯಾರೂ ನಗಲಿಲ್ಲ. ಓಟದ ಹುಡುಗರು ಬೇಸತ್ತು ನೆಲದ ಮೇಲೆ ಕೂತರು. ಗುಂಪಿನಲ್ಲಿ ಒಬ್ಬ ಮುದುಕಿ, ನಮ್ಮನೆ ಮುಂದೆ ಗುಡಿಸೋಳು ನಗರಸಭೆಯೋಳಲ್ಲದೆ ಇನ್ನೇನು ನಿನ್ನ ಮಾವನ ಮನೆಯೋಳಾ ಅಂದಳು. ಆಗ ನಕ್ಕರು. ಮೈದಾನಕ್ಕೆ ಮೈದಾನವೇ ನಕ್ಕಿತು. ನಾನು ಘೋಷಣೆಗೆ ಮತ್ತೆ ಬಾಯಿ ತೆರೆದೆ, ದೊಡ್ಡಕ್ಕ ಬಿಟ್ಟ ಕಣ್ಣಿಗೆ ಮುಚ್ಚಿಕೊಂಡೆ. ಹವಾಲ್ದಾರನ ಕಾಲು ನಡುಗುತ್ತಿದ್ದದ್ದು ದೂರದಿಂದಲೇ ಕಾಣುತ್ತಿತ್ತು. ಮಗಳು ಹಿಂದೆ ಹೋಗಿ ನಿಂತಳು, ಹಿಡಿಯಲು ಹೋಗಲಿಲ್ಲ.

ಅಧ್ಯಕ್ಷ ವೇದಿಕೆ ಹತ್ತಿದ. ಮೈಕು ಕೈಗೆ ತೆಗೆದುಕೊಂಡು ಗುತ್ತಿಗೆದಾರನ ಮುಖ ನೋಡಿದ, ಜನರ ಮುಖ ನೋಡಿದ. ಗೆದ್ದವರು ನಮ್ಮ ನಗರಸಭೆಯ ಪೌರಕಾರ್ಮಿಕರು ಅಂದ.

ಕೇಳಿಸಲಿಲ್ಲ ಅಂದಳು ದೊಡ್ಡಕ್ಕ. ಇನ್ನೊಂದು ಸಲ ಹೇಳಿದ, ಜೋರಾಗಿ. ಹವಾಲ್ದಾರ ಸೀಟಿ ಊದಿದ. ಆಗ ಬಿಟ್ಟರು ಹಗ್ಗ. ಬಿಟ್ಟದ್ದೇ ತಡ ಇಷ್ಟು ದಿನ ಅದುಮಿಟ್ಟಿದ್ದ ಬೇಕೇ ಬೇಕು ಒಮ್ಮೆಗೇ ಸಿಡಿಯಿತು. ಉತ್ತರ ಕೊಟ್ಟದ್ದು ನಾವಷ್ಟೇ ಅಲ್ಲ, ಕೂತಿದ್ದ ಓಟದ ಹುಡುಗರು, ದಾದಿಯರು, ಬೀಡಿ ಉಗುಳಿ ಹಮಾಲಿಗಳು. ಕಪ್ಪನ್ನು ದೊಡ್ಡಕ್ಕ ಕಸದ ತಳ್ಳುಗಾಡಿಯಲ್ಲಿ ಇಟ್ಟುಕೊಂಡು ಊರು ಸುತ್ತಿದಳು. ಹವಾಲ್ದಾರನನ್ನೂ ಅದರಲ್ಲೇ ಕೂರಿಸಿದರು. ವಾಸನೆ ಅಂತ ಬೈಯುತ್ತಲೇ ಕೂತಿದ್ದ.

ಸಂಜೆ ಪೇಟೆ ಠಾಣೆಯಿಂದ ಬೇರೆ ಪೊಲೀಸರು ಬಂದು ಸರ್ಕಾರಿ ಕಾರ್ಯಕ್ರಮಕ್ಕೆ ಅಡ್ಡಿ ಅಂತ ಕೇಸು ಹಾಕಿದರು, ಹಗ್ಗ ಹೊತ್ತುಕೊಂಡು ಹೋದರು. ಮುಂದಿನ ಮಾತುಕತೆಯಲ್ಲಿ ಅವರು ನಮ್ಮವರಲ್ಲ ಅಂತ ಅಧ್ಯಕ್ಷ ಮತ್ತೆ ಶುರು ಮಾಡಿದ. ಮಾತುಕತೆ ನಡೆಸುತ್ತಿದ್ದ ಕಾರ್ಮಿಕ ಇಲಾಖೆಯ ಹೆಂಗಸು, ನಾನೂ ಮೈದಾನದಲ್ಲಿದ್ದೆ ಸ್ವಾಮಿ ಅಂದಳು. ಗುತ್ತಿಗೆ ಹೋಯಿತು, ಹೆಂಗಸರೆಲ್ಲ ನಗರಸಭೆಗೆ ಬಂದರು. ಇದೆಲ್ಲ ಹಗ್ಗ ಒಂದರಿಂದಲೇ ಆಯಿತು ಅಂದರೆ ಸುಳ್ಳಾಗುತ್ತದೆ. ಅದಕ್ಕೆ ಮುಂಚೆ ಬಿದ್ದ ಲಾಠಿಗಳಿಗೂ ಲೆಕ್ಕವಿದೆ. ಆದರೆ ಆ ಕಡೆಯ ಹೆಜ್ಜೆ ಆತನದು.

ಹವಾಲ್ದಾರ ತೀರಿಕೊಂಡದ್ದು ಅದೇ ಕುರ್ಚಿಯಲ್ಲಿ, ರೇಡಿಯೊ ಕಿವಿಯ ಹತ್ತಿರ ಇರುವಾಗ. ಸ್ಕೋರು ಕೇಳದೆ ಹೋಗೋ ಮನುಷ್ಯ ಅಲ್ಲ, ಮ್ಯಾಚು ಮುಗಿದಿತ್ತು, ನಾನು ವಿಚಾರಿಸ್ಕೊಂಡೆ ಅಂತ ಮಗಳು ಹೇಳಿದಳು. ಮಣ್ಣು ಮಾಡುವ ದಿನ ಸೈನ್ಯದಿಂದ ಇಬ್ಬರು ಬಂದು ಸಲ್ಯೂಟ್ ಹೊಡೆದರು. ನಮ್ಮ ಎಂಟು ಜನ ರಜೆ ಹಾಕಿ ಬಂದಿದ್ದರು. ಸಂಬಳ ಕಡಿಯದ ರಜೆ. ನಾನು ಭಾಷಣಕ್ಕೆ ಗಂಟಲು ಸರಿಮಾಡಿಕೊಂಡೆ. ಅಪ್ಪನಿಗೆ ಭಾಷಣ ಹಿಡಿಸ್ತಿರಲಿಲ್ಲ, ಕೂತ್ಕೊಳಿ ಅಕ್ಕ ಅಂದಳು ಮಗಳು. ಕೂತೆ.

ಈಗ ನಿಮ್ಮ ಸರದಿ. ಇದನ್ನು ಓದುತ್ತಿರುವ ನಿಮ್ಮ ಕಚೇರಿಗೂ, ನಿಮ್ಮ ಶಾಲೆಗೂ, ನಿಮ್ಮ ಆಸ್ಪತ್ರೆಗೂ ವರ್ಷಕ್ಕೊಮ್ಮೆ ಆಟೋಟ ಇದ್ದೇ ಇರುತ್ತದೆ. ಅಲ್ಲಿ ಗೇಟು ಕಾಯುವವನು, ಪಾಯಿಖಾನೆ ತೊಳೆಯುವವಳು, ಅಡುಗೆ ಮಾಡಿ ಬಡಿಸುವವಳು ಇದ್ದಾರೆ. ನಿಮ್ಮ ಪಕ್ಕದಲ್ಲೇ ದುಡಿಯುತ್ತಾರೆ, ಯಾರದೋ ಗುತ್ತಿಗೆಯ ಹೆಸರಲ್ಲಿ. ಈ ವರ್ಷ ಅವರನ್ನು ಆಟಕ್ಕೆ ಇಳಿಸಿ, ನಿಮ್ಮದೇ ಅಂಗಿ ತೊಡಿಸಿ, ನಿಮ್ಮದೇ ತಂಡದಲ್ಲಿ. ಮೇಲಿನವರು ಅವರು ನಮ್ಮವರಲ್ಲ ಅಂದಾಗ ನೀವು ಯಾವ ಕಡೆ ನಿಲ್ಲುತ್ತೀರಿ, ಈಗಲೇ ಹೇಳಿ.